ಹಿತ್ತಲ ಹೂವು, ಜೇನು ಮತ್ತು ನಮ್ಮ ಫಸಲು

(ರೈತರ ಸಭೆಯಲ್ಲಿ ಗ್ರಾಮ ಕಾರ್ಯಕರ್ತರೊಬ್ಬರು ಮಾಡಿದ ಭಾಷಣ)



ಈ ದಿನ ಹೂವಿನ ಗಿಡಗಳ ವಿಷಯ ಮಾತನಾಡಲಿದ್ದೇನೆ ಎಂದು ತಿಳಿಸಿದಾಗ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕಿರಿ. ನಗುವುದಕ್ಕೆ ಕಾರಣವಿಲ್ಲದೆ ಇಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಮಳೆ ಬಂದರೆ ಬೆಳೆ, ಬಾರದಿದ್ದರೆ ಬರೀ ಬದು. ಕೊಳವೆ ಬಾವಿ ನೂರಾರು ಅಡಿ ಇಳಿದರೂ ನೀರು ಸಿಕ್ಕೀತೆಂಬ ಭರವಸೆ ಇಲ್ಲ. ಇಂಥ ಸೀಮೆಯಲ್ಲಿ ಹೂದೋಟದ ಮಾತು ಉಂಡವರ ಮಾತು ಎನ್ನಿಸುವುದು ಸಹಜವೇ. ಪಾವಗಡದ ಕಡೆ ಒಬ್ಬ ಅಜ್ಜಿ ನನ್ನನ್ನು ನೇರವಾಗಿಯೇ ಕೇಳಿದರು: "ಕುಡಿಯೋ ನೀರನ್ನೇ ಕಾಸು ಕೊಟ್ಟು ತರ್ತೀವಿ ಕಣಪ್ಪ. ಹೂವಿಗೆ ಎಲ್ಲಿಂದ ಹುಯ್ಯೋಣ?" ಆ ಪ್ರಶ್ನೆಗೆ ಉತ್ತರ ಕೊಡದೆ ನಾನು ಇಲ್ಲಿಂದ ಇಳಿಯುವುದಿಲ್ಲ. ಆದರೆ ಅದಕ್ಕೆ ಮೊದಲು ಹೂವಿಗೂ ನಮ್ಮ ಕಣಕ್ಕೆ ಬರುವ ಕಾಳಿಗೂ ಏನು ಸಂಬಂಧ ಎಂಬುದನ್ನು ನೋಡೋಣ.

ನಿಮ್ಮ ಬೇಲಿಯ ಮೇಲೆ ಹಬ್ಬಿದ ಕುಂಬಳದ ಬಳ್ಳಿಯನ್ನು ಒಂದು ಬೆಳಿಗ್ಗೆ ಹೋಗಿ ನೋಡಿ. ಅದರಲ್ಲಿ ಎರಡು ಬಗೆಯ ಹೂವು ಇರುತ್ತವೆ. ಉದ್ದ ತೊಟ್ಟಿನದು ಗಂಡು. ಬುಡದಲ್ಲಿ ಗೋಲಿಯಷ್ಟು ಪಿಂದೆ ಹೊತ್ತಿರುವುದು ಹೆಣ್ಣು. ಗಂಡು ಹೂವಿನ ಹಳದಿ ಪುಡಿ, ಅಂದರೆ ಪರಾಗ, ಹೆಣ್ಣು ಹೂವಿಗೆ ಮುಟ್ಟಿದರೆ ಮಾತ್ರ ಕಾಯಿ. ಆ ಪರಾಗ ಅಂಟು ಅಂಟು. ಗಾಳಿಗೆ ಹಾರುವುದಿಲ್ಲ. ಹೂವು ಅರಳುವುದು ಬೆಳಗಿನ ಜಾವ, ಬಿಸಿಲೇರುವ ಹೊತ್ತಿಗೆ ಮುದುಡಿತು. ಆ ನಾಲ್ಕಾರು ಗಂಟೆಯೊಳಗೆ ಜೇನ್ನೊಣವೋ ದುಂಬಿಯೋ ಬಂದು ಒಂದರಿಂದ ಇನ್ನೊಂದಕ್ಕೆ ಪರಾಗ ಹೊರಬೇಕು. ಬಾರದಿದ್ದರೆ ಪಿಂದೆ ಹಳದಿಯಾಗಿ ಉದುರುತ್ತದೆ. ನಾವು ಗೊಬ್ಬರ ಸಾಲದು ಎನ್ನುತ್ತೇವೆ, ದೃಷ್ಟಿಯಾಯಿತು ಎನ್ನುತ್ತೇವೆ. ಸೌತೆಕಾಯಿ ಒಂದು ಕಡೆ ಸೊಟ್ಟಗೆ, ಒಂದು ಕಡೆ ಸಣ್ಣಗೆ ಬೆಳೆಯುವುದಕ್ಕೂ ಪರಾಗ ಅರ್ಧಂಬರ್ಧ ಮುಟ್ಟಿರುವುದು ಒಂದು ಕಾರಣ. ಕಲ್ಲಂಗಡಿಯೂ ಹಾಗೆಯೇ, ಒಂದೇ ಹೂವಿಗೆ ಜೇನ್ನೊಣ ಹಲವು ಸಲ ಬಂದು ಹೋದರೆ ಮಾತ್ರ ಹಣ್ಣು ದುಂಡಗೆ ಬೆಳೆಯುತ್ತದೆ.

ಬಳ್ಳಿ ತರಕಾರಿ ಹಾಗಿರಲಿ, ನಮ್ಮ ಹುಚ್ಚೆಳ್ಳನ್ನು ತೆಗೆದುಕೊಳ್ಳಿ. ಹುಚ್ಚೆಳ್ಳಿನ ಗಿಡ ತನ್ನದೇ ಪರಾಗದಿಂದ ಕಾಳು ಕಟ್ಟುವುದಿಲ್ಲ. ಇನ್ನೊಂದು ಗಿಡದ ಪರಾಗ ಬಂದೇ ತೀರಬೇಕು. ಜೇನಿಲ್ಲದ ಕಡೆ ಹುಚ್ಚೆಳ್ಳು ಹೊಲವೆಲ್ಲ ಹಳದಿ ತೋರಿಸಿ ಕೊನೆಗೆ ಜೊಳ್ಳು ಕೊಡುತ್ತದೆ. ಸೂರ್ಯಕಾಂತಿಯ ತೆನೆಯ ನಡುವೆ ಜೊಳ್ಳು ನಿಲ್ಲುವುದಕ್ಕೂ ಜೇನಿನ ಕೊರತೆ ಒಂದು ಮುಖ್ಯ ಕಾರಣ. ತೊಗರಿ ತಾನೇ ಕಾಯಿ ಕಟ್ಟಬಲ್ಲದಾದರೂ ಜೇನು ಬಂದರೆ ಲಾಭ. ಮಾವು, ಹುಣಸೆ, ತೆಂಗು, ಬೀಜಕ್ಕೆ ಬಿಟ್ಟ ಈರುಳ್ಳಿ, ಇವೆಲ್ಲಕ್ಕೂ ಜೇನಿನ ಋಣವಿದೆ. ಮಧುಗಿರಿಯ ದಾಳಿಂಬೆಗೆ ಹಿಂದಿನಿಂದ ಹೆಸರು. ಆ ದಾಳಿಂಬೆಯೂ ಜೇನು ಓಡಾಡುವ ತೋಟದಲ್ಲಿ ಹೆಚ್ಚು ಕಾಯಿ ಹಿಡಿಯುತ್ತದೆ. ರಾಗಿಗೂ ಕಡಲೆಕಾಯಿಗೂ ಜೇನಿನ ಹಂಗಿಲ್ಲ ಎಂಬುದು ನಿಜ. ಅದನ್ನು ಮುಚ್ಚಿಟ್ಟು ಮಾತನಾಡುವುದು ಸರಿಯಲ್ಲ. ಆದರೆ ರಾಗಿಯನ್ನೇ ತಿಂದು, ಕಡಲೆಕಾಯಿಯನ್ನೇ ಮಾರಿ ಬದುಕುವ ಮನೆ ಈಗ ಎಷ್ಟಿವೆ?

ನಮ್ಮ ಸೀಮೆಯಲ್ಲಿ ಜೇನು ನಾಲ್ಕು ಬಗೆ. ಬಂಡೆಯ ಮರೆಯಲ್ಲಿ, ಎತ್ತರದ ಮರದಲ್ಲಿ ದೊಡ್ಡ ಹಲ್ಲೆ ತೂಗಿಬಿಡುವ ಹೆಜ್ಜೇನು. ಮರದ ಪೊಟರೆ, ಹುತ್ತಗಳಲ್ಲಿ ಮನೆ ಮಾಡುವ, ಪೆಟ್ಟಿಗೆಯಲ್ಲಿಯೂ ಸಾಕಬಹುದಾದ ತುಡುವೆ ಜೇನು. ಬೇಲಿಯ ಕಡ್ಡಿಯಲ್ಲಿ ಅಂಗೈಯಗಲದ ಒಂದೇ ಹಲ್ಲೆ ಕಟ್ಟುವ ಕೋಲುಜೇನು, ಇದನ್ನು ಕಡ್ಡಿಜೇನು ಎಂದೂ ಕರೆಯುತ್ತಾರೆ. ಗೋಡೆಯ ಸಂದಿನಲ್ಲಿ ಮೇಣದ ಕೊಳವೆ ಚಾಚಿಕೊಂಡು ಇರುವ, ಚುಚ್ಚಲಾರದ ಪುಟ್ಟ ಮುಜಂಟಿ. ಇವಲ್ಲದೆ ಒಂಟಿಯಾಗಿ ಬದುಕುವ ಜೇನುಗಳೂ ಇವೆ. ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ಒಂದು ಜೇನು ಹಳೆಯ ಮಣ್ಣಿನ ಗೋಡೆಯಲ್ಲಿ ತೂತು ಮಾಡಿಕೊಂಡಿರುತ್ತದೆ. ಒಣ ಮರವನ್ನು ಕೊರೆಯುವ ಕರಿ ದುಂಬಿಯನ್ನು ಎಲ್ಲರೂ ಕಂಡಿದ್ದೀರಿ. ಬದನೆ, ಟೊಮೆಟೊ ಹೂವಿನಲ್ಲಿ ಪರಾಗವು ತೂತಿನ ಮುಚ್ಚಳದ ಬುಡ್ಡಿಯಲ್ಲಿ ಉಪ್ಪು ಇದ್ದ ಹಾಗೆ ಇರುತ್ತದೆ. ಅಲುಗಿಸಿದರೆ ಮಾತ್ರ ಉದುರೀತು. ಈ ನೀಲಿ ಪಟ್ಟೆಯ ಜೇನೂ ಕರಿ ದುಂಬಿಯೂ ಹೂವನ್ನು ಅಪ್ಪಿಕೊಂಡು ಗುಂಯ್‌ಗುಡುತ್ತ ಅದನ್ನು ಅಲುಗಿಸುತ್ತವೆ. ಜೇನುತುಪ್ಪ ಕೊಡುವ ನೊಣಗಳಿಗೆ ಆ ವಿದ್ಯೆ ಬಾರದು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಜೇನಿಗೆ ನಾವು ಎಂಟು ಹತ್ತು ದಿನ ಕೆಲಸ ಕೊಡುತ್ತೇವೆ, ಉಳಿದ ದಿನ ಅದರ ಹೊಟ್ಟೆಗೆ ಏನು ಎಂದು ಕೇಳುವುದಿಲ್ಲ. ನಮ್ಮ ಕಡೆ ಮಾವು ಅರಳಿದ ಮೇಲೆ ಹೊಂಗೆ, ಬೇವು ಅರಳುತ್ತವೆ, ಆಮೇಲೆ ಹುಣಸೆ. ಯುಗಾದಿಯ ಸುತ್ತುಮುತ್ತ ಹೊಂಗೆಯ ಕೆಳಗೆ ನಿಂತರೆ ಮರವೇ ಗುಂಯ್ ಎನ್ನುತ್ತಿರುತ್ತದೆ. ಹುಣಸೆ ಹೂವು ಉದುರಿತೋ, ಅಲ್ಲಿಂದ ಹುಚ್ಚೆಳ್ಳು ಅರಳುವ ತನಕ, ಆಷಾಢ ಶ್ರಾವಣಗಳಲ್ಲಿ, ಜೇನಿಗೆ ಉಪವಾಸ. ಮತ್ತೆ ಹುಚ್ಚೆಳ್ಳು, ತೊಗರಿ, ಅವರೆ ಮುಗಿದು ಹೊಂಗೆ ಚಿಗುರುವ ನಡುವೆ, ಸಂಕ್ರಾಂತಿಯಿಂದ ಶಿವರಾತ್ರಿಯ ತನಕ, ಮಾವಿನ ತೋಪಿಲ್ಲದ ಊರುಗಳಲ್ಲಿ ಇನ್ನೊಂದು ಉಪವಾಸ. ಹೊಟ್ಟೆಗಿಲ್ಲದ ತುಡುವೆಯೂ ಕೋಲುಜೇನೂ ಹಲ್ಲೆ ಬಿಟ್ಟು ಎದ್ದು ಹೋಗುತ್ತವೆ. ನಿಮ್ಮ ಕುಂಬಳ ಅರಳಿದ ದಿನ ಅವು ನಿಮ್ಮ ಊರಿನಲ್ಲಿ ಇರುವುದಿಲ್ಲ.

ಹಿಂದೆ ಈ ಉಪವಾಸವನ್ನು ಬದು, ಬೇಲಿ, ಅಕ್ಕಡಿಗಳು ತಕ್ಕಮಟ್ಟಿಗೆ ತುಂಬುತ್ತಿದ್ದವು. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ. ಬದುವಿನ ಮೇಲೆ ತುಂಬೆ, ಉತ್ತರಾಣಿ. ಈಗ ಅಕ್ಕಡಿ ಹಾಕುವವರು ಕಡಿಮೆ. ಬೇಲಿ ಹೋಗಿ ಕಲ್ಲುಕಂಬ ತಂತಿ ಬಂತು. ಬದುವಿಗೆ ಕಳೆನಾಶಕ ಹೊಡೆಯುತ್ತೇವೆ. ಅದರ ಮೇಲೆ ರೋಗ ಬೇರೆ. ೧೯೯೧-೯೨ರ ಸುಮಾರಿಗೆ ದಕ್ಷಿಣ ಭಾರತದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ಸೋಂಕು ಹರಡಿ, ಮರಿಹುಳುಗಳು ನೀರು ತುಂಬಿದ ಚೀಲದಂತಾಗಿ ಸತ್ತು, ತುಡುವೆ ಕುಟುಂಬಗಳು ಬಹುಪಾಲು ನಾಶವಾದವು. ಉಳಿದು ಬಂದ ಕುಟುಂಬಗಳಿಂದಲೇ ಮೆಲ್ಲಮೆಲ್ಲನೆ ಸಂತತಿ ಚೇತರಿಸಿಕೊಂಡಿದೆ. ಹಾಗೆ ಉಳಿದುದನ್ನು ಉಪವಾಸ ಕೆಡವಿದರೆ ಯಾರ ನಷ್ಟ?

ತುಡುವೆ ಜೇನು ಮೇವಿಗೆ ಹೋಗುವುದು ಹೆಚ್ಚಾಗಿ ಒಂದು ಕಿಲೋಮೀಟರಿನ ಒಳಗೆ. ಕೋಲುಜೇನೂ ಮುಜಂಟಿಯೂ ಇನ್ನೂ ಹತ್ತಿರ. ಊರ ನಡುವೆ ನಿಂತು ನಾಲ್ಕು ಕಡೆ ನೋಡಿ. ಹಿತ್ತಲಿನಿಂದ ಹತ್ತಿರದ ಹೊಲಗಳಿಗೆ ಅಷ್ಟೇ ದೂರ. ಆದುದರಿಂದಲೇ ಹಿತ್ತಲಿನ ಹೂವಿಗೆ ಬೆಲೆ. ಒಂದು ಮನೆಯ ಹತ್ತು ಅಡಿ ಮಡಿಯಿಂದ ಒಂದು ಜೇನು ಕುಟುಂಬದ ಹೊಟ್ಟೆ ತುಂಬುವುದಿಲ್ಲ, ಆ ಲೆಕ್ಕ ನನಗೂ ಗೊತ್ತು. ಇಪ್ಪತ್ತು ಮನೆಯವರು ಮಾಡಿದರೆ, ಗುಡಿಯ ಮುಂದೆ, ಶಾಲೆಯ ಅಂಗಳದಲ್ಲಿ ಒಂದೊಂದು ಮಡಿ ಆದರೆ, ಬದುವಿನ ತುಂಬೆಯನ್ನು ಉಳಿಸಿದರೆ, ಉಪವಾಸದ ಎರಡು ತಿಂಗಳು ಜೇನು ಊರು ಬಿಡದೆ ನಿಲ್ಲುವ ಸಂಭವ ಹೆಚ್ಚು.

ನಮ್ಮ ಹಿತ್ತಲುಗಳಲ್ಲಿ ಹೂವಿನ ಗಿಡ ಇಲ್ಲವೆಂದಲ್ಲ. ಬಡವರ ಮನೆಯಲ್ಲೂ ದೇವರಿಗೆಂದು, ಮುಡಿಗೆಂದು ನಾಲ್ಕು ಗಿಡ ಇದ್ದೇ ಇವೆ. ಆದರೆ ಅವು ಬಹುಮಟ್ಟಿಗೆ ಜೇನಿಗೆ ಉಪಯೋಗವಿಲ್ಲದವು. ಮಲ್ಲಿಗೆಯನ್ನು ಮೊಗ್ಗಿನಲ್ಲೇ ಕಿತ್ತು ಕಟ್ಟುತ್ತೇವೆ. ಬಿಟ್ಟರೂ ಅದು ರಾತ್ರಿ ಅರಳಿ ಪತಂಗಗಳನ್ನು ಕರೆಯುವ ಹೂವು. ಪಾರಿಜಾತ, ನಂದಿಬಟ್ಟಲುಗಳೂ ಇರುಳಿನವೇ. ಕನಕಾಂಬರದ ಕೊಳವೆ ಉದ್ದ, ಜೇನಿನ ನಾಲಗೆ ಎಟುಕದು. ಕೆಂಪು ದಾಸವಾಳ ಸೂರಕ್ಕಿಗೆ ಪ್ರಿಯ, ಜೇನಿಗೆ ಅಷ್ಟಕ್ಕಷ್ಟೆ. ಕಾಗದದ ಹೂವಿನಲ್ಲಿ ಬಣ್ಣದ್ದು ಹೂವೇ ಅಲ್ಲ, ಬಣ್ಣ ತಿರುಗಿದ ಎಲೆ. ಕಣಗಿಲೆ ಚೆಲುವಾಗಿ ಅರಳಿದರೂ ಅದರಲ್ಲಿ ಮಕರಂದವೇ ಇಲ್ಲ, ಸೊಪ್ಪು ತಿಂದ ದನ ಕುರಿ ಉಳಿಯುವುದಿಲ್ಲ. ಇವನ್ನು ಕಿತ್ತು ಹಾಕಿರೆಂದು ಹೇಳುತ್ತಿಲ್ಲ. ದೇವರ ಹೂವು ದೇವರಿಗಿರಲಿ, ಜೇನಿಗೆ ಬೇರೆ ಒಂದು ಮಡಿ ಮಾಡಿ.

ಚೆಂಡುಹೂವಿನ ವಿಷಯ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಅಂಗಡಿಯಲ್ಲಿ ಬೀಜ ಕೇಳಿದರೆ ಮುದ್ದೆಯಂಥ ದೊಡ್ಡ ಹೂವಿನ ತಳಿ ಕೊಡುತ್ತಾರೆ. ಮಾರುಕಟ್ಟೆಗೆ ಅದೇ ಸರಿ, ತೂಕ ಬರುತ್ತದೆ. ಆದರೆ ಮಕರಂದ ಇರುವುದು ಹೂವಿನ ನಡುವಿನ ಸಣ್ಣ ಸಣ್ಣ ಕೊಳವೆಗಳಲ್ಲಿ. ಹಲವು ಸುತ್ತಿನ ಹೂವಿನಲ್ಲಿ ಆ ಕೊಳವೆಗಳೇ ಎಸಳುಗಳಾಗಿ ಮಾರ್ಪಟ್ಟಿರುತ್ತವೆ. ಜೇನು ಬಂದು ಎಸಳಿನ ನಡುವೆ ತಡಕಾಡಿ ಬರಿಗೈಯಲ್ಲಿ ಹೋಗುತ್ತದೆ. ಒಂದು ಸುತ್ತಿನ ಎಸಳು, ನಡುವೆ ಬಟ್ಟಲಿನಂತೆ ತೆರೆದ ಹಳದಿ ಗುಂಡು, ಇಂಥ ಹಳೆಯ ನಾಟಿ ಚೆಂಡುಹೂವೇ ಜೇನಿಗೆ ಬೇಕಾದುದು. ಸೇವಂತಿಗೆ, ಜಿನಿಯಾ, ಡೇಲಿಯಾ, ಗುಲಾಬಿ ಎಲ್ಲಕ್ಕೂ ಇದೇ ಮಾತು: ಒಂದು ಸುತ್ತಿನದನ್ನು ಆರಿಸಿ.

ಬಣ್ಣದ ಮಾತೂ ಹೀಗೆಯೇ. ಕಾರ್ಲ್ ವಾನ್ ಫ್ರಿಶ್ ಎಂಬ ಆಸ್ಟ್ರಿಯದ ವಿಜ್ಞಾನಿ ನೀಲಿ ಕಾಗದದ ಮೇಲೆ ಸಕ್ಕರೆ ನೀರಿಟ್ಟು ಜೇನುಗಳಿಗೆ ಅಭ್ಯಾಸ ಮಾಡಿಸಿ, ಆಮೇಲೆ ನೀರಿಲ್ಲದ ನೀಲಿ ಕಾಗದವನ್ನು ಬೂದು ಬಣ್ಣದ ಕಾಗದಗಳ ನಡುವೆ ಇಟ್ಟರು. ಜೇನು ನೇರವಾಗಿ ನೀಲಿಗೇ ಬಂತು. ಕೆಂಪನ್ನು ಇಟ್ಟರೆ ಕಪ್ಪಿಗೂ ಕೆಂಪಿಗೂ ಅದಕ್ಕೆ ಭೇದ ತಿಳಿಯಲಿಲ್ಲ. ಜೇನಿನ ಕುಣಿತದ ಭಾಷೆಯನ್ನು ಬಿಡಿಸಿದ ಈ ಮಹನೀಯರಿಗೆ ೧೯೭೩ರಲ್ಲಿ ನೊಬೆಲ್ ಬಹುಮಾನ ಬಂತು. ನಮಗೆ ಅದರಿಂದ ತಿಳಿಯಬೇಕಾದುದು ಇಷ್ಟು: ಹಳದಿ, ನೀಲಿ, ನೇರಳೆ, ಬಿಳಿ ಹೂವುಗಳನ್ನು ಮುಂದಿಡಿ. ಇನ್ನೂ ಒಂದು ಸಂಗತಿ. ಜೇನು ಒಂದು ಸಲ ಹೊರಟರೆ ಒಂದೇ ಜಾತಿಯ ಹೂವನ್ನು ಹುಡುಕುತ್ತ ಹೋಗುತ್ತದೆ. ಇಲ್ಲೊಂದು ಅಲ್ಲೊಂದು ಗಿಡ ನೆಟ್ಟರೆ ಅದಕ್ಕೆ ಲಾಭವಿಲ್ಲ. ಒಂದೊಂದು ಜಾತಿಯನ್ನು ಒಂದು ಮಾರು ಜಾಗದಲ್ಲಿ ಒತ್ತಾಗಿ ಹಾಕಬೇಕು.

ಹಾಗಾದರೆ ಯಾವ ಗಿಡ? ನನ್ನನ್ನು ಕೇಳಿದರೆ ಮೊದಲು ತುಳಸಿ ಎನ್ನುತ್ತೇನೆ. ತಾಯಂದಿರು ಇಲ್ಲಿ ಗಮನವಿಟ್ಟು ಕೇಳಬೇಕು. ಬೃಂದಾವನದ ತುಳಸಿ ಕದಿರು ಬಂದ ಕೂಡಲೆ ಚಿವುಟುತ್ತೀರಿ, ಗಿಡ ಸೊಂಪಾಗಿ ಬರಲಿ ಎಂದು. ಅದು ತಪ್ಪಲ್ಲ. ಆದರೆ ಆ ಕದಿರೇ ಜೇನಿನ ಊಟ. ಬೃಂದಾವನದ್ದನ್ನು ಚಿವುಟಿ, ಹಿತ್ತಲಲ್ಲಿ ಬೇರೆ ಹತ್ತು ತುಳಸಿ ಹಾಕಿ ಅವನ್ನು ಚಿವುಟದೆ ಬಿಡಿ. ಒಂದು ಸಾಲು ತುಳಸಿ ಕದಿರು ಬಿಟ್ಟು ನಿಂತರೆ ಕೋಲುಜೇನು ಬೆಳಗಿನಿಂದ ಸಂಜೆಯ ತನಕ ಅಲ್ಲೇ ಇರುತ್ತದೆ. ಕಾಮಕಸ್ತೂರಿಯೂ ಹಾಗೆಯೇ, ಅದರ ಬೀಜ ಬೇಸಿಗೆಯಲ್ಲಿ ಪಾನಕಕ್ಕೂ ಆಯಿತು. ಇವೆರಡನ್ನೂ ಮೇಕೆ ಸುಲಭವಾಗಿ ಮುಟ್ಟುವುದಿಲ್ಲ, ನೀರು ನಾಲ್ಕು ದಿನ ತಡವಾದರೂ ಸಾಯುವುದಿಲ್ಲ.

ಎರಡನೆಯದು ಹುಚ್ಚೆಳ್ಳೇ. ಹೊಲದ ಬೆಳೆಯನ್ನು ಹೂದೋಟಕ್ಕೆ ಕರೆಯುವುದೇ ಎಂದು ಆಶ್ಚರ್ಯಪಡಬೇಡಿ. ಅದಕ್ಕಿಂತ ಚೆಂದದ ಹಳದಿ ಯಾವ ಸೀಮೆಯ ಹೂವಿನಲ್ಲಿದೆ? ಒಂದು ಹಿಡಿ ಬೀಜವನ್ನು ಒಮ್ಮೆಗೇ ಚೆಲ್ಲದೆ ಮೂರು ವಾರಕ್ಕೊಮ್ಮೆ ಸ್ವಲ್ಪಸ್ವಲ್ಪ ಚೆಲ್ಲಿ, ಹೂವು ಸರದಿಯಂತೆ ಬರುತ್ತದೆ. ದನ ಅದನ್ನು ಅಷ್ಟಾಗಿ ಮೇಯುವುದಿಲ್ಲ. ಹೊಲದ ಅಂಚಿಗೆ ಹುಚ್ಚೆಳ್ಳು ಬಿತ್ತುವ ಹಳೆಯ ವಾಡಿಕೆಗೆ ಅದೇ ಕಾರಣ. ಸೂರ್ಯಕಾಂತಿ ನಾಲ್ಕಾರು ಗಿಡ, ಒಂದು ಸುತ್ತಿನ ಚೆಂಡುಹೂ, ಕಾಸ್ಮಾಸ್, ಜಿನಿಯಾ ಹಾಕಬಹುದು. ನೀರಿನ ಅಭಾವ ತೀರ ಇದ್ದಲ್ಲಿ ಹತ್ತು ಗಂಟೆ ಹೂವು. ಎಲೆಯಲ್ಲೇ ನೀರು ತುಂಬಿಕೊಂಡು ನೆಲದ ಮೇಲೆ ಹರಡುವ ಈ ಗಿಡ ತುಂಡು ಮುರಿದು ಚುಚ್ಚಿದರೆ ಬರುತ್ತದೆ. ಬಿಸಿಲೇರಿ ಅರಳಿದ ಕೂಡಲೆ ಸಣ್ಣ ಜೇನುಗಳು ಬಂದು ಮುತ್ತುತ್ತವೆ. ಅಡಿಗೆಯ ಕೊತ್ತಂಬರಿ, ಸಬ್ಬಸಿಗೆ, ಸಾಸಿವೆಗಳಲ್ಲಿ ನಾಲ್ಕು ಗಿಡ ಕೀಳದೆ ಹೂವಿಗೆ ಬಿಡುವುದಕ್ಕೆ ಖರ್ಚೇನೂ ಇಲ್ಲ. ಬೇಲಿಯಲ್ಲಿ ನುಗ್ಗೆ, ಕರಿಬೇವು, ನಿಂಬೆ, ಸೀಬೆ ಇದ್ದರಂತೂ ಹೇಳುವುದೇ ಬೇಡ.

ಬೇಡವಾದವನ್ನೂ ಹೇಳಿಬಿಡುತ್ತೇನೆ. ಲಂಟಾನದ ಹೂವು ಚೆಂದವೆಂದು ಬೇಲಿಗೆ ತಂದರೆ ಗುಡ್ಡವನ್ನೇ ನುಂಗುತ್ತದೆ. ರಸ್ತೆ ಬದಿ, ಶಾಲೆಯ ಅಂಗಳಗಳಲ್ಲಿ ಕೆಂಪು ಬಟ್ಟಲಿನಂಥ ಹೂವು ಬಿಡುವ ನೀರುಕಾಯಿ ಮರವನ್ನು ನೆಡಬೇಡಿ. ಅದರ ಹೂವಿನೊಳಗೆ ಮುಜಂಟಿ ಜೇನುಗಳು ಸತ್ತು ಬಿದ್ದಿರುವುದನ್ನು ಹಲವು ದೇಶಗಳಲ್ಲಿ ಕಂಡಿದ್ದಾರೆ.

ಬಿತ್ತುವ ಕಾಲವೇ ಈ ಕೆಲಸದ ಜೀವ. ಚೆಂಡುಹೂ, ಕಾಸ್ಮಾಸ್, ಜಿನಿಯಾ, ಸೂರ್ಯಕಾಂತಿ ಇವು ಬಿತ್ತಿದ ಸುಮಾರು ಎರಡು ತಿಂಗಳಿಗೆ ಹೂವು ಬಿಡುತ್ತವೆ. ಉಪವಾಸ ಯಾವಾಗ ಎಂದು ನೋಡಿ ಅಲ್ಲಿಂದ ಎರಡು ತಿಂಗಳು ಹಿಂದಕ್ಕೆ ಎಣಿಸಿ. ಆಷಾಢ ಶ್ರಾವಣದಲ್ಲಿ ಹೂವು ಬೇಕಾದರೆ ಭರಣಿ, ಕೃತ್ತಿಕೆ ಮಳೆಯ ಹೊತ್ತಿಗೆ ಬೀಜ ಬಿದ್ದಿರಬೇಕು. ಎಲ್ಲರೂ ಹೊಲ ಬಿತ್ತುವಾಗ ಆರಿದ್ರೆಗೆ ಇದನ್ನೂ ಬಿತ್ತಿದರೆ ಹುಚ್ಚೆಳ್ಳು ಅರಳುವ ಹೊತ್ತಿಗೇ ಇದೂ ಅರಳುತ್ತದೆ. ಉಂಡವನಿಗೆ ಮತ್ತೆ ಬಡಿಸಿದ ಹಾಗೆ. ಸಂಕ್ರಾಂತಿಯ ಮೇಲೆ ಬೇಕಾದರೆ ದೀಪಾವಳಿ ಕಳೆದ ಕೂಡಲೆ ಎರಡನೆಯ ಸಲ ಬಿತ್ತಿ. ಹತ್ತು ಅಡಿ ಉದ್ದ, ಆರು ಅಡಿ ಅಗಲದ ಮಡಿ ಒಂದು ಮನೆಗೆ ಸಾಕು. ಎರಡು ಮಂಕರಿ ಕೊಟ್ಟಿಗೆ ಗೊಬ್ಬರ ಹಾಕಿ ಅಗೆದು, ನೆಲದ ಮಟ್ಟಕ್ಕಿಂತ ನಾಲ್ಕು ಬೆರಳು ತಗ್ಗಾಗಿಯೇ ಮಡಿ ಮಾಡಿ. ಮಲೆನಾಡಿನವರ ಹಾಗೆ ಏರುಮಡಿ ಮಾಡಿದರೆ ನಮ್ಮಲ್ಲಿ ನೀರು ನಿಲ್ಲುವುದಿಲ್ಲ.

ಈಗ ಆ ಅಜ್ಜಿಯ ಪ್ರಶ್ನೆ. ಕೊಂಡು ತಂದ ನೀರನ್ನು ಹೂವಿಗೆ ಹಾಕಿ ಎಂದು ಯಾರೂ ಹೇಳಲಾರರು. ಹಾಕಬೇಕಾದುದು ಬಚ್ಚಲ ನೀರು. ಮನೆಮಂದಿ ಮೈ ತೊಳೆದ, ಪಾತ್ರೆ ತೊಳೆದ ನೀರು ಬೀದಿಗೆ ಹರಿದು ಸೊಳ್ಳೆಗೆ ಗುಂಡಿಯಾಗುತ್ತಿದೆ. ಬಚ್ಚಲ ತೂಬಿನ ಮುಂದೆ ಮೊಣಕಾಲುದ್ದ ಗುಂಡಿ ತೋಡಿ, ಕೆಳಗೆ ಜಲ್ಲಿ ಮೇಲೆ ಮರಳು ತುಂಬಿ, ಅಲ್ಲಿಂದ ಕಾಲುವೆಯನ್ನು ಮಡಿಗೆ ತಿರುಗಿಸಿ. ಬಟ್ಟೆ ಒಗೆದ ಮೊದಲ ಸೋಪಿನ ನೀರು ಮಾತ್ರ ಬೇಡ, ಜಾಲಿಸಿದ ನೀರು ಆದೀತು. ಪಾವಗಡದ ಕಡೆ ಶುದ್ಧ ನೀರಿನ ಘಟಕದಿಂದ ಹೊರಗೆ ಬಿಡುವ ನೀರು ದಂಡಿಯಾಗಿ ಸಿಕ್ಕುತ್ತದೆಂದು ಕೆಲವರು ಗಿಡಕ್ಕೆ ಹಾಯಿಸುತ್ತಾರೆ. ಅದರಲ್ಲಿ ಉಪ್ಪಿನ ಅಂಶ ಹೆಚ್ಚು, ನೆಲ ಚೌಳಾಗುತ್ತದೆ. ಇನ್ನು ಮಡಿಯ ಮೇಲೆ ಕಡಲೆಕಾಯಿ ಸಿಪ್ಪೆಯನ್ನು ಎರಡು ಬೆರಳು ದಪ್ಪ ಹರಡಿ. ನಮ್ಮಲ್ಲಿ ಸಿಪ್ಪೆಗೆ ಬರವಿಲ್ಲ. ನೆಲದ ಪಸೆ ಆರದೆ ಎರಡು ದಿನದ ನೀರು ನಾಲ್ಕು ದಿನಕ್ಕೆ ಬರುತ್ತದೆ. ಕರಿಬೇವು, ನಿಂಬೆಯಂಥ ಗಿಡಗಳ ಬುಡದಲ್ಲಿ ಒಂದು ಹಳೆಯ ಮಣ್ಣಿನ ಮಡಕೆಯನ್ನು ಕುತ್ತಿಗೆಯ ತನಕ ಹೂತು ನೀರು ತುಂಬಿಸಿ ಬಾಯಿ ಮುಚ್ಚಿಟ್ಟರೆ ಅದು ಜಿನುಗುತ್ತ ಬೇರನ್ನು ತಣ್ಣಗಿಡುತ್ತದೆ.

ಜೇನಿಗೂ ಕುಡಿಯಲು ನೀರು ಬೇಕು. ಬೇಸಿಗೆಯಲ್ಲಿ ಅವು ನೀರನ್ನು ಹೊತ್ತು ಗೂಡಿನಲ್ಲಿ ಚಿಮುಕಿಸಿ ರೆಕ್ಕೆ ಬೀಸಿ ತಂಪು ಮಾಡಿಕೊಳ್ಳುತ್ತವೆ. ನಲ್ಲಿಯ ಕಟ್ಟೆಯ ಮೇಲೆ ಜೇನು ಮುತ್ತುತ್ತದೆ, ಮಕ್ಕಳಿಗೆ ಕಚ್ಚುತ್ತದೆ ಎಂಬ ದೂರು ಬರುವುದು ಅದಕ್ಕೇ. ಮಡಿಯ ಪಕ್ಕ ಅಗಲವಾದ ಮಣ್ಣಿನ ತಟ್ಟೆಯಲ್ಲಿ ಬೆಣಚುಕಲ್ಲು ತುಂಬಿ, ಕಲ್ಲು ಮುಳುಗದಷ್ಟು ನೀರು ಹುಯ್ಯಿರಿ. ಕಲ್ಲಿಲ್ಲದಿದ್ದರೆ ಮುಳುಗಿ ಸಾಯುತ್ತವೆ. ಎರಡು ದಿನಕ್ಕೊಮ್ಮೆ ನೀರು ಬದಲಿಸಿದರೆ ಸೊಳ್ಳೆಯ ಕಾಟವೂ ಇರುವುದಿಲ್ಲ. ಹಿತ್ತಲ ಒಂದು ಮೂಲೆಯನ್ನು ಅಗೆಯದೆ, ಸಿಮೆಂಟ್ ಹಾಕದೆ ಹಾಗೇ ಬಿಡಿ. ಒಂಟಿ ಜೇನುಗಳು ಗೂಡು ಮಾಡುವುದು ಅಂಥ ಗಟ್ಟಿ ನೆಲದಲ್ಲಿ, ಬಿದ್ದ ಮಣ್ಣಿನ ಗೋಡೆಯಲ್ಲಿ, ಒಣ ಬಿದಿರಿನ ತುಂಡಿನಲ್ಲಿ. ಗುಲಾಬಿಯ ಎಲೆಯಂಚನ್ನು ಯಾರೋ ಬಳೆಯಿಟ್ಟು ಕತ್ತರಿಸಿದ ಹಾಗೆ ದುಂಡಗೆ ಕತ್ತರಿಸಿದ್ದರೆ ಅದು ಕಂಬಳಿಹುಳುವಲ್ಲ, ಎಲೆ ಕತ್ತರಿಸಿ ಗೂಡು ಹಾಸುವ ಜೇನು. ಅದಕ್ಕೆ ಔಷಧಿ ಹೊಡೆಯಬೇಡಿ.

ಔಷಧಿಯ ಮಾತು ಬಂದಿತು. ಇಷ್ಟೆಲ್ಲ ಮಾಡಿ ಜೇನನ್ನು ಕರೆದು, ದಾಳಿಂಬೆಗೋ ಸೂರ್ಯಕಾಂತಿಗೋ ಹೂವಿನ ಕಾಲದಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಕೀಟನಾಶಕ ಹೊಡೆದರೆ, ಮನೆಗೆ ಕರೆದು ವಿಷವಿಕ್ಕಿದ ಹಾಗೆ. ಹೂವು ಅರಳಿರುವಾಗ ಹೊಡೆಯದೆ ಇರುವುದೇ ಮೇಲು. ಹೊಡೆಯಲೇಬೇಕಾದ ಸಂಕಟ ಬಂದರೆ ಸೂರ್ಯ ಮುಳುಗಿ ಜೇನು ಗೂಡಿಗೆ ಮರಳಿದ ಮೇಲೆ ಹೊಡೆಯಿರಿ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್ ಮುಂತಾದವು ಗಿಡದ ರಸದಲ್ಲಿ ಸೇರಿ ಪರಾಗ ಮಕರಂದಗಳಿಗೂ ಇಳಿಯುತ್ತವೆ. ಯುರೋಪಿನ ಒಕ್ಕೂಟ ಜೇನಿನ ಹಾನಿಯನ್ನು ಕಂಡೇ ೨೦೧೮ರಲ್ಲಿ ಇವನ್ನು ಬಯಲಿನ ಬೆಳೆಗಳಿಗೆ ಬಳಸಕೂಡದೆಂದು ನಿಷೇಧಿಸಿತು. ನಮ್ಮಲ್ಲಿ ಅಂಗಡಿಯವರು ಎಲ್ಲದಕ್ಕೂ ಇದನ್ನೇ ಕೊಡುವುದುಂಟು. ಡಬ್ಬಿಯ ಮೇಲಿನ ಹೆಸರನ್ನು ಓದಿಸಿಕೊಂಡು ಕೊಳ್ಳಿ. ನೆರೆಹೊಲದವರಿಗೂ ಹೇಳಿ, ನಿಮ್ಮ ಹಿತ್ತಲ ಜೇನು ಅವರ ಬದುವಿನ ಗುರುತು ನೋಡಿ ಹಾರುವುದಿಲ್ಲ.

ಜೇನು ಕಚ್ಚುವುದಿಲ್ಲವೇ ಎಂದು ಕೇಳುತ್ತೀರಿ. ಹೂವಿನ ಮೇಲೆ ಕುಳಿತ ಜೇನು ತನ್ನ ಪಾಡಿಗೆ ಇರುತ್ತದೆ, ಕೈಯಿಂದ ಒತ್ತಿದರೆ, ತುಳಿದರೆ ಮಾತ್ರ ಚುಚ್ಚುತ್ತದೆ. ಆದರೂ ಮಡಿಯನ್ನು ಬಾಗಿಲ ಎದುರಿಗೆ, ದನ ಕಟ್ಟುವ ಕಡೆಗೆ ಮಾಡಬೇಡಿ. ಚುಚ್ಚಿದರೆ ಮುಳ್ಳನ್ನು ಉಗುರಿನಿಂದ ಕೂಡಲೆ ಕೆರೆದು ತೆಗೆಯಿರಿ. ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿದರೆ, ಅಥವಾ ಹೆಜ್ಜೇನು ಹಿಂಡಾಗಿ ಎರಗಿದರೆ, ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಕರೆದೊಯ್ಯಿರಿ. ಹೆಜ್ಜೇನಿನ ತಂಟೆಗೆ ಹೋಗುವುದು, ಹೊಗೆ ಹಾಕುವುದು, ಮಕ್ಕಳು ಕಲ್ಲು ಹೊಡೆಯುವುದು ಎಂದಿಗೂ ಕೂಡದು.

ಪೆಟ್ಟಿಗೆಯಲ್ಲಿ ಜೇನು ಸಾಕಬೇಕೆನ್ನುವವರು ಮೊದಲು ಒಂದು ವರ್ಷ ಹೂವು ಬೆಳೆದು ನೋಡಲಿ. ಆಮೇಲೆ ತೋಟಗಾರಿಕೆ ಇಲಾಖೆಯಲ್ಲೋ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ವಿಚಾರಿಸಬಹುದು. ಮೇವಿಲ್ಲದ ಊರಿಗೆ ಪೆಟ್ಟಿಗೆ ತಂದರೆ ಜೇನು ಹಾರಿ ಖಾಲಿ ಪೆಟ್ಟಿಗೆ ಉಳಿಯುತ್ತದೆ.

ಹೂದೋಟ ನಮಗೆ ಹೊರಗಿನಿಂದ ಬಂದ ಶೋಕಿ ಎಂದು ಯಾರೂ ತಿಳಿಯಬೇಕಾಗಿಲ್ಲ. ಶಿರಾ ೧೬೮೭ರ ನಂತರ ಮೊಗಲರ ಸುಬೆಯ ರಾಜಧಾನಿಯಾಗಿತ್ತು. ಅಲ್ಲಿದ್ದ ಖಾನ್ ಬಾಗ್ ತೋಟವನ್ನು ನೋಡಿಯೇ ಬೆಂಗಳೂರಿನ ಲಾಲ್‌ಬಾಗ್ ಮಾಡಿಸಿದರೆಂಬ ಪ್ರತೀತಿ ಇದೆ. ಮಧುಗಿರಿ ಎಂಬ ಹೆಸರಿನಲ್ಲಂತೂ ಜೇನೇ ಇದೆ.

ಕೊನೆಯದಾಗಿ ಬೀಜದ ವಿಷಯ. ಮೊದಲ ಸಲ ಮಾತ್ರ ಬೀಜ ಹೊರಗಿನಿಂದ ಬೇಕು. ಮಡಿಯಲ್ಲಿ ಚೆನ್ನಾಗಿ ಜೇನು ಮುತ್ತಿದ ಗಿಡಗಳನ್ನು ಗುರುತಿಟ್ಟು, ಅವುಗಳ ಹೂವು ಗಿಡದ ಮೇಲೆಯೇ ಒಣಗಲಿ. ಬೀಜವನ್ನು ನೆರಳಿನಲ್ಲಿ ಆರಿಸಿ, ಒಲೆಯ ಬೂದಿ ಬೆರೆಸಿ, ಬಟ್ಟೆಯಲ್ಲಿ ಕಟ್ಟಿ ಅಟ್ಟದ ಮೇಲಿ‌ಡಿ. ಅಂಗಡಿಯ ಸಂಕರಣ ತಳಿಯ ಬೀಜ ಮರುವರ್ಷ ಹಾಗೆಯೇ ಬರುವುದಿಲ್ಲ, ನಾಟಿಯದು ಬರುತ್ತದೆ. ತುಳಸಿ, ಕಾಮಕಸ್ತೂರಿ, ಒಂದು ಸುತ್ತಿನ ಚೆಂಡುಹೂವಿನ ಬೀಜ ಸ್ವಲ್ಪ ತಂದಿದ್ದೇನೆ. ಬಚ್ಚಲ ಗುಂಡಿ ತೋಡಲು ಒಪ್ಪಿದ ಮನೆಯವರು ಸಭೆ ಮುಗಿದ ಮೇಲೆ ಹೆಸರು ಬರೆಸಿ ತಲಾ ಒಂದು ಪೊಟ್ಟಣ ಒಯ್ಯಬಹುದು. ಭರಣಿ ಮಳೆಗೆ ಮುಂಚೆ ನಾನು ಬಂದು ಗುಂಡಿ ನೋಡುತ್ತೇನೆ.